ಗುರುತು ಹೇಳಿ

ನೂರಾ ಎಂಟಕ್ಕೆ ಕರೆ ಮಾಡಿದರೆ
ರಾತ್ರಿ ಪಾಳಿಯಲ್ಲಿ ಎತ್ತುವವಳು ನಾನೇ ಇರಬಹುದು.
ಏನಾಯಿತು ಅಂತ ಆಮೇಲೆ ಕೇಳುತ್ತೇನೆ.
ಮೊದಲು, ಎಲ್ಲಿ? ಹತ್ತಿರ ಏನಿದೆ? ಒಂದು ಗುರುತು ಹೇಳಿ.

ಹಳೇ ಟೂರಿಂಗ್ ಟಾಕೀಸು ಇತ್ತಲ್ಲ, ಅದರ ಹಿಂದೆ.
ದೊಡ್ಡ ಆಲದಮರ, ಈಗ ಕಡಿದಿದ್ದಾರೆ, ಆ ಜಾಗ.
ಗಾಬರಿಯಲ್ಲಿ ಜನಕ್ಕೆ ನೆನಪಾಗುವುದು
ಇಲ್ಲದ ಊರು.
ನನ್ನ ಎದುರಿನ ನಕಾಶೆಗೆ ಇರುವುದಷ್ಟೇ ಗೊತ್ತು.

ನಮ್ಮಜ್ಜಿ ಅಕ್ಕಯ್ಯಮ್ಮನ ಮಾವ ಚಿಕ್ಕಮುನಿಯ
ಪ್ಲೇಗಿನ ವರ್ಷ ಡೋಲಿ ಹೊತ್ತವನು.
ಮುಂದೆ ಇಬ್ಬರು, ಹಿಂದೆ ಇಬ್ಬರು,
ಬಿದಿರ ಗಳ, ಕರಿಕಂಬಳಿ, ಮೂಗಿಗೆ ಕರ್ಪೂರದ ಬಟ್ಟೆ.
ತಿಗಳರಪೇಟೆಯಿಂದ ಊರಾಚೆಯ ತಡಿಕೆ ಶೆಡ್ಡಿಗೆ
ಸೋಂಕಿನವರನ್ನು ಸಾಗಿಸಿದರೆ ತಲೆಗೆ ನಾಲ್ಕಾಣೆ;
ಗುಮಾಸ್ತ ದುಡ್ಡನ್ನು ನೆಲಕ್ಕೆಸೆಯುತ್ತಿದ್ದ.
ಡೋಲಿ ಬಂತು ಅಂದರೆ ಸಾಕು
ಪಟಪಟ ಬಾಗಿಲು ಮುಚ್ಚಿ ಬೀದಿಗೆ ಬೀದಿಯೇ ಖಾಲಿ.
ಈ ಊರು ಅಷ್ಟು ಸಲೀಸಾಗಿ ದಾರಿ ಬಿಟ್ಟದ್ದು
ಅದೇ ಮೊದಲು, ಅದೇ ಕೊನೆ, ಅನ್ನುತ್ತಿದ್ದಳು ಅಜ್ಜಿ
ಎಲೆಗೆ ಸುಣ್ಣ ಸವರುತ್ತಾ.

ಅಪ್ಪ ಹುಟ್ಟಿದ್ದು ಜಟಕಾದಲ್ಲಿ,
ವಾಣಿವಿಲಾಸಕ್ಕೆ ಇನ್ನೂ ಎರಡು ಫರ್ಲಾಂಗ್ ಇರುವಾಗ.
ಖಾದರ್ ಸಾಬರು ಕುದುರೆ ನಿಲ್ಲಿಸಿ, ಬೆನ್ನು ತಿರುಗಿಸಿ
ಬೀದಿದೀಪ ನೋಡುತ್ತಾ ನಿಂತರಂತೆ.
ಬಾಡಿಗೆ ಮುಟ್ಟಲಿಲ್ಲ.
ಆಸ್ಪತ್ರೆಗೂ ಒಂದು ಬಿಳಿ ವ್ಯಾನಿತ್ತು ಆಗ;
ಅದು ಸಿಗುತ್ತಿದ್ದುದು ಹೆಚ್ಚಾಗಿ ವಾಪಸು ಬರುವಾಗ,
ಒಳಗೆ ಮಲಗಿದವರಿಗೆ ಅವಸರ ಮುಗಿದ ಮೇಲೆ.

ಆಮೇಲೆ ಆಟೋಗಳ ಕಾಲ.
ಮೀಟರಿನ ಮಾತೇ ಬಾರದ ಒಂದೇ ಒಂದು ಬಾಡಿಗೆ.
ಅಣ್ಣನ ಕಾಲ ಮೇಲೆ ಗ್ರಾನೈಟ್ ಚಪ್ಪಡಿ ಬಿದ್ದ ದಿನ
ಅಮ್ಮ ಅರ್ಧ ಮೈ ಹೊರಗೆ ಬಾಗಿ
ಕರ್ಚೀಫು ಬೀಸುತ್ತಾ ಹೋದಳು
ಬನಶಂಕರಿಯಿಂದ ಜಯನಗರದ ಮೂಳೆ ಆಸ್ಪತ್ರೆವರೆಗೆ.
ಅದೇ ಸೈರನ್ನು.
ಆ ಕರ್ಚೀಫಿನಲ್ಲಿ ಇವತ್ತಿಗೂ ಅವಳು ಮುಖ ಒರೆಸುವುದಿಲ್ಲ,
ಎಸೆಯುವುದೂ ಇಲ್ಲ.

ಈಗ ಎರಡು ನಲವತ್ತು. ಒಬ್ಬ ಹುಡುಗ.
ಅಪ್ಪ ಬಿದ್ದುಬಿಟ್ಟಿದ್ದಾರೆ, ಮಾತಾಡ್ತಿಲ್ಲ,
ಉಸಿರು ಗೊತ್ತಾಗ್ತಿಲ್ಲ ಮೇಡಂ.
ಗುರುತು ಹೇಳಪ್ಪ.
ಕೆರೆ ಏರಿ ಹತ್ರ.

ಪರದೆಯ ಮೇಲೆ ಕೆರೆಯಿಲ್ಲ.
ಸೆಕ್ಟರಿದೆ, ಮೇನು, ಕ್ರಾಸು,
ಹೆಸರಿನಲ್ಲಷ್ಟೇ ಸರೋವರವಿರುವ ಹದಿನಾಲ್ಕು ಮಹಡಿ.
ಆ ಏರಿ ನನಗೆ ಗೊತ್ತು,
ಎರಡನೇ ಕ್ಲಾಸಿನಲ್ಲಿ ಅಲ್ಲೊಂದು ಚಪ್ಪಲಿ ಕಳೆದಿದ್ದೆ.
ಪೈಲಟ್ ರುದ್ರೋಜಿ ಗಾಡಿ ತಿರುಗಿಸಿದ. ಹನ್ನೊಂದು ನಿಮಿಷ.

ಅಲ್ಲಿಯವರೆಗೆ ನನ್ನ ಹತ್ತಿರ ಇರುವುದು ದನಿ.
ಎದೆಯ ನಡುವೆ ಅಂಗೈ ಇಡು, ಮೇಲೆ ಇನ್ನೊಂದು.
ಮೊಣಕೈ ಮಡಿಸಬೇಡ. ಒತ್ತು. ನನ್ನ ಜೊತೆ ಎಣಿಸು.
ಒಂದು, ಎರಡು,
ಅಳಬೇಡ, ಮೂರು,
ನಾಲ್ಕು.
ಅವನ ಏದುಸಿರು, ನನ್ನ ಲೆಕ್ಕ, ಇವೆರಡರ ಕೆಳಗೆ
ಗಳ ಅಲುಗದಂತೆ ಕೂಡಿಸಿಕೊಂಡು ಹಾಕುವ
ಎಂಟು ಬರಿಗಾಲಿನ ಹೆಜ್ಜೆ.
ಚಿಕ್ಕಮುನಿಯ ಎಷ್ಟರವರೆಗೆ ಎಣಿಸುತ್ತಿದ್ದನೋ
ಅಜ್ಜಿಯನ್ನು ಕೇಳಿಟ್ಟುಕೊಳ್ಳಲಿಲ್ಲ.

ಸೈರನ್ನು ಅವನ ಫೋನಿನೊಳಗೆ ಕೇಳಿಸಿತು. ಲಿಫ್ಟು. ಬೂಟು.
ಸಾಕು ಮರಿ, ನೀನು ಏಳು, ಅಂದರು ಯಾರೋ.
ಕರೆ ಕಡಿಯಿತು.
ಆಮೇಲೇನಾಯಿತು ಅಂತ ಕೇಳುವಷ್ಟರಲ್ಲಿ
ಯಾವತ್ತೂ ಇನ್ನೊಂದು ಕರೆ.

ನೀರು ಕುಡಿದೆ. ಚೀಟಿಯ ಮೇಲೆ ಸೀಸದಕಡ್ಡಿಯಲ್ಲಿ
ಪುಟ್ಟ ನಕಾಶೆ ಬರೆದು ಪರದೆಗೆ ಅಂಟಿಸಿದೆ:
ಕೆರೆ ಏರಿ ಅಂದರೆ ಇಲ್ಲಿ.
ಬೆಳಗಿನ ಪಾಳಿಯ ಹುಡುಗಿ ಕಲಬುರ್ಗಿಯವಳು, ಪಾಪ,
ಊರಿಗೆ ಹೊಸಬಳು.