ಮಾಜಾಳಿ ಗೇಟಿನಲ್ಲಿ

ಬಾಟಲಿಗೆ ಬಾಟಲಿ ತಾಗಿದರೆ ಕಿಣಿ.
ಟಿಫಿನ್ ಡಬ್ಬಿಗೆ ಚಮಚ ತಾಗಿದರೆ ಕಣ.
ಹನ್ನೊಂದು ವರ್ಷ ಈ ಗೇಟಿನಲ್ಲಿ ನಿಂತು
ನಾನು ಕಲಿತ ವಿದ್ಯೆ ಇಷ್ಟೇ.

ಗೇಟಿನಾಚೆಯ ಕೊನೆಯ ನಾಲ್ಕು ಮನೆಯೂ ನಮ್ಮವೇ;
ಅದರಾಚೆ ಗೋವಾ, ಅಗ್ಗದ ಕ್ವಾರ್ಟರು.
ಸಾಯೀಶ ದುರ್ಗೇಕರ, ಎಂಟನೇ ಇಯತ್ತೆ,
ದಿನಾ ಆ ಕಡೆಯಿಂದಲೇ ಶಾಲೆಗೆ ಬರುವವನು.
ಯೂನಿಫಾರ್ಮಿನ ಹುಡುಗನ ಬೆನ್ನು ಯಾರು ತಡಕುತ್ತಾರೆ?
ಅದನ್ನರಿತ ಯಾರೋ ಆ ಬೆನ್ನನ್ನು ಬಾಡಿಗೆಗೆ ಹಿಡಿದಿದ್ದರು,
ಸಲಕ್ಕೆ ಇನ್ನೂರು.

ಸಮಾಜ ವಿಜ್ಞಾನದ ಕೆಳಗೆ ಒಂಬತ್ತು ಬಾಟಲಿ.
ಏಳಕ್ಕೆ ಕಾಲುಚೀಲ ತೊಡಿಸಿದ್ದ.
ಉಳಿದೆರಡು ಒಂದನ್ನೊಂದು ಮಾತಾಡಿಸಿದವು.

ಸಾಹೇಬರು ಪೆನ್ನು ಕೆಳಗಿಟ್ಟು ಕೇಳಿದರು:
"ಬರೆಯಲೋ, ಇಲ್ಲಾ ನೀನೇ ಶಾಲೆಗೆ ಹೋಗಿ ಬರುತ್ತೀಯೋ?"

ಮಕ್ಕಳ ಹತ್ತಿರ ಖಾಕಿಯಲ್ಲಿ ಹೋಗಬಾರದು, ಅದು ನಿಯಮ.
ತಂಗಿಯ ನೀಲಿ ಸೀರೆ ಉಟ್ಟು ಹೋದೆ.
ಹೊಸ ಅಕ್ಕೋರು ಬಂದರೆಂದು ಎಲ್ಲ ಎದ್ದು ನಿಂತರು.
ಠಾಣೆ ಕೊಟ್ಟ ಭಾಷಣದ ಹಾಳೆ ಬೆವರಿಗೆ ಅಂಟಿತ್ತು,
ಕಲಂಗಳ ನಂಬರು ಓದುವಷ್ಟರಲ್ಲಿ
ಹಿಂದಿನ ಬೆಂಚಿನಿಂದ ಆಕಳಿಕೆ.
ಹಾಳೆ ಮಡಚಿ ಕೇಳಿದೆ:
"ಒಂದು ಚೀಲ ಒಯ್ದು ಕೊಡು" ಎಂದು
ನಿಮ್ಮಲ್ಲಿ ಯಾರಿಗೆ, ಯಾರಾದರೂ, ಹೇಳಿದ್ದಾರೆ?
ಹೊರಗೆ ಗಾಳಿಮರದ ಸದ್ದು, ಅಷ್ಟೇ.
ಆಮೇಲೆ ಒಂದು ಕೈ. ಆಮೇಲೆ ಆರು.
ಹೆಣ್ಣುಮಕ್ಕಳ ಸಾಲಿನಿಂದಲೂ ಒಂದು.
ಮಾಸ್ತರು ಕಿಟಕಿಯತ್ತ ತಿರುಗಿ ಕನ್ನಡಕ ಒರೆಸಿಕೊಂಡರು.

ಅವನ ತಾಯಿ ಮೀನು ಪೇಟೆಯಲ್ಲಿ
ಬಂಗಡೆ ರಾಶಿಗೆ ನೀರು ಚಿಮುಕಿಸುತ್ತ, ತಲೆ ಎತ್ತದೆ:
"ಆ ಇನ್ನೂರು ಯಾರು ಕೊಡ್ತಾರೆ, ಬಾಯಿ?
ನೀನೋ, ಮಾಸ್ತರೋ?"
ಉತ್ತರ ನನ್ನ ಹತ್ತಿರ ಇರಲಿಲ್ಲ. ಈಗಲೂ ಇಲ್ಲ.

ಸಂಘದ ಹುಡುಗರು ದಂಡೆಯಲ್ಲಿ ವಾಲಿಬಾಲಿಗೆ ಕಂಬ ನೆಟ್ಟರು.
ಪಾವ್ಲು ಅಜ್ಜ ಕೊಟ್ಟ ಹಳೆಯ ಬಲೆ;
ತೂತಿನಲ್ಲಿ ಚೆಂಡು ಒಮ್ಮೊಮ್ಮೆ
ಮೀನಿನ ಹಾಗೇ ತಪ್ಪಿಸಿಕೊಳ್ಳುತ್ತದೆ.
ಬಾಡಿಗೆಯವನು ಮೂರು ಸಂಜೆ ಬೈಕಿನಲ್ಲಿ ಬಂದು ನಿಂತು ನೋಡಿದ.
ಮೂರು ಸಂಜೆ ನಾನು ಅವನನ್ನು ನೋಡಿದೆ.

ಅಲ್ಲಿಂದೀಚೆ ಸಾಯೀಶ ದಿನಾ ಬೆಳಿಗ್ಗೆ
ನಾನು ಕೇಳುವ ಮೊದಲೇ ಬ್ಯಾಗು ಬಿಚ್ಚಿ ಹಿಡಿಯುತ್ತಿದ್ದ,
ಮುಖ ನೋಡದೆ.
ಪುಸ್ತಕ. ಚಪಾತಿ. ಕಂಪಾಸು.
ಕಪಾಳಕ್ಕೆ ಹೊಡೆದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ನಿನ್ನೆ ಬಿಚ್ಚಲಿಲ್ಲ.
ಯಾವನೋ ಗೆಳೆಯನ ಜೊತೆ ಏನೋ ವಾದಿಸುತ್ತ
ಗೇಟಿನ ಕೋಲಿನಡಿ ಬಗ್ಗಿ ಹೋಗೇಬಿಟ್ಟ.
ಬೆನ್ನ ಮೇಲೆ ಏನೋ ಕಿಣಿ ಎಂದಿತು,
ಅಥವಾ ಕಣ.
ನನ್ನ ಕೈ ತಾನಾಗಿ ಮುಂದೆ ಹೋಯಿತು.
ಅದನ್ನು ಹಿಂದಕ್ಕೆ ತಂದು
ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತೆ.
ಲಾರಿಯವನು ಹಾರ್ನ್ ಒತ್ತುತ್ತಲೇ ಇದ್ದ.