ಗೀಚು

ಡುಲೂತ್ ಊರಿನ ಕೋರ್ಟಿನಲ್ಲಿ ಮೂವತ್ತೆಂಟು ವರ್ಷ
ಬೇರೆಯವರ ಮಾತು ಬರೆದುಕೊಂಡೇ ಹೊಟ್ಟೆ ಹೊರೆದವಳು ನಾನು.
ಈಗ ನಿವೃತ್ತಿ. ಗುರುವಾರಕ್ಕೊಮ್ಮೆ ಕೊರಳಿಗೆ ಬಿಲ್ಲೆ ತೂಗಿಸಿ
ಮುದುಕರ ಆರೈಕೆ ಮನೆಗೆ ಹೋಗಿ ವಿಚಾರಿಸುತ್ತೇನೆ:
ಊಟ ಬಿಸಿಯಿತ್ತಾ, ಬೆಲ್ ಒತ್ತಿದರೆ ಯಾರಾದರೂ ಬರುತ್ತಾರಾ.

ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದರೆ
ಎಲ್ಲರ ಊಟವೂ ಬಿಸಿಯೇ.

ಹಕ್ಕುಗಳ ಪಟ್ಟಿಗೆ ಚೌಕಟ್ಟು ಹಾಕಿಸಿದ್ದಾರೆ,
ಲಿಫ್ಟಿನ ಪಕ್ಕ, ನಿಂತವರ ಕಣ್ಣಿನ ಎತ್ತರಕ್ಕೆ.
ಇಲ್ಲಿ ನೆಟ್ಟಗೆ ನಿಲ್ಲುವವರು ನಾನು, ಮ್ಯಾನೇಜರು,
ಮತ್ತೆ ಆ ಪ್ಲಾಸ್ಟಿಕ್ ಗಿಡ.

ಹನ್ನೆರಡನೇ ಕೋಣೆಯ ಐಲಿ ಕೊಸ್ಕೆಲಾ.
ಅದಿರಿನ ಹಡಗು ಕಂಪನಿಯ ಆಫೀಸಿನಲ್ಲಿದ್ದಳಂತೆ.
ಲಕ್ವ ಹೊಡೆದು ಬಲಗೈ ಹೋಯಿತು, ಮಾತೂ ಹೋಯಿತು.
"ಪಾಪ, ಎಡಗೈಯಲ್ಲಿ ಏನೋ ಗೀಚುತ್ತಿರುತ್ತಾಳೆ," ಎಂದು ರಡಿಕ್ ನಕ್ಕ.
ಊಟದ ಚೀಟಿಗಳ ಬೆನ್ನ ತುಂಬ
ಕೊಕ್ಕೆ, ಸುಳಿ, ಬಾಲ, ಚುಕ್ಕೆ.

ನನ್ನ ಎದೆ ಧಸಕ್ಕೆಂದಿತು.
ಗೀಚಲ್ಲ ಅದು, ಶೀಘ್ರಲಿಪಿ.
ಓದಬಲ್ಲವರು ಊರಲ್ಲಿ ನಾಲ್ಕೋ ಐದೋ ಜನ ಉಳಿದಿದ್ದೇವೆ,
ಅದರಲ್ಲಿ ಇಬ್ಬರಿಗೆ ಕಣ್ಣು ಕಾಣದು.

ಗುಣವಾಚಕ ಒಂದೂ ಇಲ್ಲ. ಕಸುಬು ಬಲ್ಲ ಕೈ.
ಮಂಗಳವಾರ, ರಾತ್ರಿ ಎರಡು ಹತ್ತು: ಬೆಲ್ಲಿನ ದಾರ ಮಂಚದ ಹಿಂದಕ್ಕೆ ಕಟ್ಟಿದರು.
ನಾಲ್ಕು ನಲವತ್ತು: ಒದ್ದೆ.
ಆರು: ಒದ್ದೆ.
ಏಳು ಐದು: ಮಣಿಕಟ್ಟು ತಿರುಚಿದರು, ಎಡ.
(ಅಲ್ಲಿಂದ ಮುಂದೆ ಸುಳಿಗಳೆಲ್ಲ ನಡುಗುತ್ತವೆ.)
ಗುರುವಾರ: ಬಿಲ್ಲೆಯ ಹೆಂಗಸು ಬಂದಳು. ಬಾಗಿಲಲ್ಲೇ ಮಾತಾಡಿ ಹೋದಳು.

ಅದು ನಾನು.

ಇನ್ನೊಂದು ಚೀಟಿಯಲ್ಲಿ ಒಂದು ಹೆಸರು ಬರೆದು, ಒತ್ತಿ ಒತ್ತಿ ಹೊಡೆದುಹಾಕಿದ್ದಾಳೆ.
ಪಕ್ಕದಲ್ಲಿ: ಪೆನ್ಸಿಲು ತಂದುಕೊಟ್ಟವಳು. ರಾತ್ರಿ ಮೂವತ್ತೊಂದು ಮಂಚಕ್ಕೆ ಒಬ್ಬಳೇ.
ದಾಖಲೆಗೆ ಬೇಡ.

ಸೇರಿಸಿಕೊಂಡ ದಿನದ ಕಾಗದದ ಕಟ್ಟು ತರಿಸಿದೆ.
ಹದಿನೇಳನೇ ಪುಟ: ಏನೇ ಆದರೂ ಕೋರ್ಟು ಹತ್ತುವುದಿಲ್ಲ, ಒಪ್ಪಿದ್ದೇನೆ.
ಲಕ್ವ ಹೊಡೆದ ಮರುವಾರದ ತಾರೀಖು.
ಸಹಿ ಮಾತ್ರ ಬಲಗೈಯದು, ಮುತ್ತು ಪೋಣಿಸಿದ ಹಾಗೆ.

ರಡಿಕ್‌ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ.
ಬಾಗಿಲು ಹಾಕಿಸಿಕೊಳ್ಳುವುದೂ ಅವಳ ಹಕ್ಕು,
ಪಟ್ಟಿಯಲ್ಲಿದೆ, ಆ ಎತ್ತರದಲ್ಲಿ.
ಮೊದಲ ಚೀಟಿಯಿಂದ ಓದಿ ಹೇಳಿದೆ,
ಕೋರ್ಟಿನಲ್ಲಿ ಓದುವ ಹಾಗೆ, ದನಿ ಏರಿಸದೆ.

"ಕುರ್ಚಿಗೆ ನೂಕಿದರು" ಎಂದಾಗ ಅವಳ ಕೈ ಎದ್ದಿತು.
ಬೆರಳಿಟ್ಟು ಗೆರೆ ತೋರಿಸಿದಳು.
ಒಂದು ಕೂದಲಷ್ಟು ಉದ್ದ ಹೆಚ್ಚು.
ಕನ್ನಡಕ ಒರೆಸಿ ಮತ್ತೆ ನೋಡಿದೆ.
"ಎಸೆದರು."

ಹೌದೆಂದು ತಲೆಯಾಡಿಸಿದಳು.
ತಲೆಯಾಡಿಸಿದರೆ ಸಾಲದು, ಬಾಯಿಬಿಟ್ಟು ಹೇಳಿ ಎಂದು
ಎಷ್ಟು ಸಾಕ್ಷಿಗಳನ್ನು ಗದರಿಸಿದ್ದಾರೋ ನನ್ನೆದುರಿಗೆ.
ನಾನು ಬರೆದುಕೊಂಡೆ:
ಸಾಕ್ಷಿ ತಲೆಯಾಡಿಸಿದರು.