ಹತ್ತು ತೆತ್ರಿ

ಇಲ್ಲಿ ಬಿಡಿಕಾಸಿಗೆ ತೆತ್ರಿ ಎನ್ನುತ್ತಾರೆ,
ತೆತ್ತಿರಾ ಎಂದು ಯಾರೋ ಬೆನ್ನ ಹಿಂದೆ ಕೇಳಿದ ಹಾಗೆ.
ಒಂಬತ್ತನೆಯ ಮಹಡಿಗೆ ಹತ್ತಲು
ಲಿಫ್ಟಿನ ಬಾಯಿಗೆ ಹತ್ತು ಹಾಕಬೇಕು.
ಇಳಿಯುವುದು ಪುಕ್ಕಟೆ.
ಇಳಿಯುವುದಕ್ಕೆ ಯಾವ ಊರಲ್ಲಿ ಕಾಸು ಕೇಳ್ತಾರೆ, ಅಂದ
ಮೆಸ್ಸಿನ ಮ್ಯಾನೇಜರು.

ತ್ಬಿಲಿಸಿಗೆ ನಾನು ಬಂದದ್ದು
ಡಾಕ್ಟರಾಗಲು ಬಂದ ಮಕ್ಕಳಿಗೆ ಬೇಯಿಸಿ ಹಾಕಲು.
ನೂರಾ ನಲವತ್ತು ತಟ್ಟೆ, ಎರಡು ಹೊತ್ತು.
ರಾತ್ರಿ ಮರಳುವಾಗ ಉಗುರಲ್ಲಿ ಬೆಳ್ಳುಳ್ಳಿ,
ಚೀಲದಲ್ಲಿ ಮಾತ್ರ ಚಿಲ್ಲರೆ ಇಲ್ಲ.

ಹಾಗಾಗಿ ಮೊದಲ ಮೂರು ತಿಂಗಳು ಮೆಟ್ಟಿಲು.
ಎರಡರಲ್ಲಿ ಯಾರೋ ಪಿಯಾನೊದ ಒಂದೇ ಸಾಲನ್ನು
ದಿನವೂ ಒಂದೇ ಕಡೆ ತಪ್ಪುತ್ತಾರೆ.
ನಾಲ್ಕರಲ್ಲಿ ನಾಯಿ, ಹೆಸರು ಬೊಂಬೋರಾ,
ನನ್ನನ್ನು ಕಂಡರೆ ಬೊಗಳುವುದಿಲ್ಲ, ನಿಟ್ಟುಸಿರಿಡುತ್ತದೆ.
ಆರರಲ್ಲಿ ಬಾಗಿಲ ಹೊರಗೆ
ಗಂಡಸಿನ ಒಂದು ಜೊತೆ ಬೂಟು,
ಎಂದೂ ಜಾಗ ಬದಲಿಸದ್ದು.
ಎಂಟರಲ್ಲಿ ನಿಂತು ಉಸಿರು ತಗೊಳ್ಳುತ್ತಿದ್ದೆ,
ನನಗೂ ಎಂಟಕ್ಕೂ ಅಷ್ಟೇ ನಂಟು.

ಒಂಬತ್ತರಲ್ಲಿ, ಗೋಡೆಯಾಚೆ, ತ್ಸಿಯಾಲಾ.
ಎಪ್ಪತ್ತು ದಾಟಿದವಳು; ಟ್ರಾಲಿಬಸ್ಸು ಓಡಿಸುತ್ತಿದ್ದಳಂತೆ,
ಟ್ರಾಲಿಬಸ್ಸು ಇದ್ದ ಕಾಲಕ್ಕೆ.
ಅವಳ ಕೆಮ್ಮು ನನ್ನ ಕಡೆಗೂ
ನನ್ನ ಕುಕ್ಕರಿನ ಸೀಟಿ ಅವಳ ಕಡೆಗೂ
ಪಾಸ್‌ಪೋರ್ಟಿಲ್ಲದೆ ಓಡಾಡಿಕೊಂಡಿದ್ದವು.
ನಾವಿಬ್ಬರು ಮಾತ್ರ ಬಾಗಿಲ ಗಾಜುಗಣ್ಣಿನಿಂದ
ಒಬ್ಬರಿಗೊಬ್ಬರು ಸೊಟ್ಟ ಸೊಟ್ಟ.

ಮಾರ್ಚಿನ ಒಂದು ಸಂಜೆ, ಹಿಮವೋ ನೀರೋ ತಿಳಿಯದ್ದೊಂದು
ಸುರಿಯುತ್ತಿರುವಾಗ ಬಾಗಿಲು ತಟ್ಟಿದಳು.
ಏನೇನೋ ಅಂದಳು. ನನ್ನ ಕೈಗೆ ಸಿಕ್ಕಿದ್ದು ಒಂದೇ ಪದ:
ಪುರಿ.
ಪುರಿ?
ಪುರಿ, ಪುರಿ, ಅಂದಳು ಅಂಗೈ ಅಗಲಿಸಿ.

ಕಡ್ಲೆಪುರಿಯೆ? ಈ ದೇಶದಲ್ಲಿ ಎಲ್ಲಿಂದ ತರಲಿ ತಾಯೀ...
ಅಲ್ಲ, ಪೂರಿ ಇರಬೇಕು,
ಅವಸರದಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ ಅಷ್ಟೆ.

ಕೂರಿಸಿದೆ. ಹಿಟ್ಟು ಕಲಸಿದೆ. ಎಣ್ಣೆ ಇಟ್ಟೆ.
ಕೋಟಿನ ಗುಂಡಿಯನ್ನೂ ಬಿಚ್ಚದೆ ಅವಳು ಕುರ್ಚಿಯ ಅಂಚಿನಲ್ಲಿ,
ಈ ಹೆಂಗಸಿಗೇನಾಯಿತು ಎಂಬಂತೆ.
ಮೊದಲನೆಯದು ಉಬ್ಬಿತು.
ತ್ಸಿಯಾಲಾ ಎದ್ದು ನಿಂತಳು.
ಬೆರಳಲ್ಲಿ ಚುಚ್ಚಿದಳು, ಹಬೆ ನುಗ್ಗಿತು,
ಸುಟ್ಟ ಬೆರಳು ಬಾಯಲ್ಲಿಟ್ಟುಕೊಂಡೇ ನಕ್ಕಳು.
ನಾಲ್ಕರಲ್ಲಿ ಬೊಂಬೋರಾ ಅಂದು ಬೊಗಳಿತು.

ತಿಳಿದದ್ದು ಮರುದಿನ: ಅವಳ ನುಡಿಯಲ್ಲಿ
ಪುರಿ ಎಂದರೆ ಬ್ರೆಡ್ಡು.
ಕೆಳಗಿನ ಅಂಗಡಿ ಮುಚ್ಚಿತ್ತು,
ಒಂದು ತುಂಡು ಕೈಗಡ ಕೇಳಲು ಬಂದಿದ್ದಳು.

ಆಮೇಲೆ ಪದಗಳದೇ ಕೊಡುಕೊಳ್ಳು.
ಇವರ ಮಾಮಾ ಎಂದರೆ ಅಪ್ಪ.
ಹೌದೆನ್ನಲು, ಹೋ.
ಇಲ್ಲವೆನ್ನಲು, ಅರಾ.
ನನ್ನ ಕಿವಿಗದು ಅರೆ ಎಂದೇ ಬೀಳುತ್ತದೆ;
ಇಲ್ಲಿ ಯಾರು ಇಲ್ಲವೆಂದರೂ
ಅರ್ಧ ಹೌದೆಂದು ಹಿಡಿಯುತ್ತೇನೆ.
ತರಕಾರಿಯವನ ಹತ್ತಿರ, ವೀಸಾ ಆಫೀಸಿನಲ್ಲಿ ಕೂಡ,
ಎಷ್ಟೋ ಸಲ ಅದೇ ಸರಿಯಾಗಿದೆ.

ಒಂದು ಸಲ ಬಿಟ್ಟು.
ಆರರ ಬೂಟು ಯಾರದೆಂದು ಕೇಳಿದೆ,
ಮೇಜಿನ ಮೇಲೆ ಎರಡು ಬೆರಳಲ್ಲಿ ನಡೆದು ತೋರಿಸಿ.
ತ್ಸಿಯಾಲಾ ಒಲೆಯ ಉರಿ ತಗ್ಗಿಸಿದಳು.
ಅರಾ, ಅಂದಳು.
ಅದು ಪೂರ್ತಿ ಇತ್ತು.

ಈಗ ನನ್ನ ಜೇಬಿನಲ್ಲಿ ಸದಾ ಚಿಲ್ಲರೆ.
ಖಾರದ ಗೊಜ್ಜಿನ ಹಳೆಯ ಸೀಸೆ ತೊಳೆದು
ಅವಳೇ ತುಂಬಿಸಿಕೊಟ್ಟಳು; ತೊಳೆದದ್ದು ಸಾಲದು,
ಕಾಸು ಮುಟ್ಟಿ ಕಣ್ಣುಜ್ಜಿದರೆ ಉರಿ.
ಆದರೂ ಕೆಲವು ರಾತ್ರಿ ಆರರವರೆಗೆ ನಡೆದೇ ಹತ್ತುತ್ತೇನೆ.
ಯಾರೋ ಆ ಬೂಟಿಗೆ ಹೊಸದಾಗಿ ಪಾಲಿಶು ಹಚ್ಚಿರುತ್ತಾರೆ.
ತುಸು ನಿಂತು, ಲಿಫ್ಟು ಕರೆದು,
ಉಳಿದ ಮೂರೇ ಮಹಡಿಗೆ
ಪೂರ್ತಿ ಹತ್ತನ್ನೂ ತೆರುತ್ತೇನೆ.